ವಿಳಾಸವಿಲ್ಲದವರ ಚುಕ್ಕೆಗಳು

ಫೆಬ್ರವರಿ 3, ಸೋಮವಾರ. ಆಫೀಸು, ಮಧ್ಯಾಹ್ನ

ಇನ್ನೂ ಚುಕ್ಕೆ ಎಣಿಸುವುದೇ ಮುಗಿದಿಲ್ಲ. ಕುತ್ತಿಗೆ ಹಿಡಿದುಕೊಂಡಿದೆ. ಗೋಡೆಯ ನಕ್ಷೆಯಲ್ಲಿ ಮೇಲರ್ಧ ನನಗೆ, ಕೆಳಗಿನರ್ಧ ಸ್ಕೇಲಿಗೆ. ಸ್ಕೇಲು ಅಂದರೆ ನಮ್ಮ ಅಂಕಿಅಂಶದವನು. ಜೇಬಿನಲ್ಲಿ ಸದಾ ಒಂದು ಸ್ಕೇಲು. ಮಾತಾಡುವಾಗಲೂ ಅದರಿಂದಲೇ ಗಾಳಿಯಲ್ಲಿ ಗೆರೆ ಎಳೆಯುತ್ತಾನೆ.

ಕಳೆದ ವಾರ ಲೈಬ್ರರಿ ಹಾಲಿನಲ್ಲಿ ಊರವರನ್ನು ಕೂರಿಸಿ ಆಡಿಸಿದ ಆಟ. ಬಂದವರಿಗೆಲ್ಲ ಐದು ಕೆಂಪು ಸ್ಟಿಕರ್, ಐದು ಹಸಿರು. ಭಯವಾಗುವ ಜಾಗಕ್ಕೆ ಕೆಂಪು, ನೆಮ್ಮದಿ ಅನಿಸುವ ಜಾಗಕ್ಕೆ ಹಸಿರು. ನಮ್ಮ ಆಫೀಸಿನ ಬಾಗಿಲಲ್ಲಿ ‘ಸಮುದಾಯ ಸುರಕ್ಷತೆ ಮತ್ತು ಮಾದಕವಸ್ತು ನೀತಿ ಸಂಶೋಧನಾ ವಿಭಾಗ’ ಎಂಬ ಮಾರುದ್ದದ ಬೋರ್ಡು. ಒಳಗೆ ಮಾಡುವ ಕೆಲಸ ಇದು — ಮಕ್ಕಳ ಹಾಗೆ ಸ್ಟಿಕರ್ ಅಂಟಿಸುವುದು, ಆಮೇಲೆ ಕೂತು ಕೀಳುವುದು. ಇದರಲ್ಲೇ ನನ್ನ ಇಪ್ಪತ್ತು ವರ್ಷ ಹೋಗಿದೆ. ಪಶ್ಚಾತ್ತಾಪವೇನೂ ಇಲ್ಲ. ಕುತ್ತಿಗೆ ನೋವು ಇದೆ.

ಸ್ಟೇಷನ್ ಹಿಂದಿನ ಬೀದಿ ಪೂರ್ತಿ ಕೆಂಪು. ಅದರಲ್ಲೂ ಒಂದೇ ಕಟ್ಟಡ — ನಿಗಾ ಕೋಣೆ. ಬೂಟಿನಂಗಡಿಯವನು ತನ್ನ ಐದೂ ಕೆಂಪನ್ನು ಅದರ ಮೇಲೆಯೇ ಒಂದರ ಮೇಲೊಂದು ಹಚ್ಚಿ ಗೋಪುರ ಕಟ್ಟಿದ್ದಾನೆ. ಉಗುರು ಹಾಕಿ ಕಿತ್ತೆ. ಬರಲಿಲ್ಲ.

“ಮೇಡಂ, ಇದನ್ನ ನೋಡಿದ್ರೆ ಆ ಕೋಣೆ ಮುಚ್ಚಿಸೋಕೆ ಕಾಯ್ತಿರೋ ನಗರ ಕೌನ್ಸಿಲ್‌ನೋರಿಗೆ ಬಾಯಲ್ಲಿ ನೀರು ಬರುತ್ತೆ,” ಅಂದ ಸ್ಕೇಲು.

“ಇದು ಭಯದ ನಕ್ಷೆ ಕಣಯ್ಯಾ. ಭಯ ಇರೋದೆಲ್ಲ ಅಪಾಯ ಅಲ್ಲ. ಕೆಳಗೆ ದಪ್ಪಕ್ಷರದಲ್ಲಿ ಬರೀತೀವಿ.”

“ಕೆಳಗೆ ಬರೆದಿದ್ದನ್ನ ಯಾರು ಓದ್ತಾರೆ?”

ಬಾಯಿ ಮುಚ್ಚಿಕೊಂಡು ಎಣಿಸು ಅಂದೆ. ಎಣಿಸಿದ.

ಫೆಬ್ರವರಿ 5, ಬುಧವಾರ. ಬಸ್ಸಿನಲ್ಲಿ

ನಿಗಾ ಕೋಣೆಗೆ ಹೋಗಿದ್ದೆ. ತಿಂಗಳ ಭೇಟಿ.

ಹಳೆಯ ಗೋದಾಮು. ಸುಣ್ಣ ಬಳಿದಿದ್ದಾರೆ, ಆದರೂ ಒಳಗೆ ರಟ್ಟಿನ ವಾಸನೆ. ಗೋಡೆಯುದ್ದಕ್ಕೂ ಪರದೆ ಕಟ್ಟಿದ ಪುಟ್ಟ ಪುಟ್ಟ ಮೂಲೆಗಳು. ಬಾಗಿಲಿಲ್ಲ, ಪರದೆ ಮಾತ್ರ. ಚಟ ಹತ್ತಿದವರು ಎಲ್ಲೋ ಕಕ್ಕಸಿನಲ್ಲಿ ಒಬ್ಬರೇ ಬಿದ್ದು ಸಾಯುವ ಬದಲು ತಾವು ತಂದ ಮಾದಕವಸ್ತುವನ್ನು ಇಲ್ಲಿ ಬಂದು ಕೂತು ತೆಗೆದುಕೊಳ್ಳುತ್ತಾರೆ. ಕೋಣೆ ಅವರಿಗೆ ಏನನ್ನೂ ಕೊಡುವುದಿಲ್ಲ, ಏನನ್ನೂ ಕಿತ್ತುಕೊಳ್ಳುವುದಿಲ್ಲ. ಕಾಯುತ್ತದೆ ಅಷ್ಟೆ. ಬಿಡಬೇಕು ಅನಿಸಿದವರಿಗೆ ಪಕ್ಕದ ಮೇಜಿನಲ್ಲಿ ವೈದ್ಯರ ಸರದಿ ಚೀಟಿ.

ಮಧ್ಯದ ಕುರ್ಚಿಯಲ್ಲಿ ನರ್ಸಮ್ಮ. ಅಜ್ಜಿಯಾದರೂ ಗಂಟಲು ಮಾತ್ರ ಕಂಡಕ್ಟರನದು. ಕ್ರಾಸ್‌ವರ್ಡ್ ತುಂಬುತ್ತಾಳೆ, ಆಗಾಗ ತಲೆ ಎತ್ತದೆ ಕೂಗುತ್ತಾಳೆ — “ಇದ್ದೀರಾ?” ಪರದೆಗಳ ಹಿಂದಿನಿಂದ ಒಬ್ಬೊಬ್ಬರಾಗಿ — “ಇದ್ದೀನಿ”, “ಇದ್ದೀನಿ”. ಉತ್ತರ ಬಾರದಿದ್ದರೆ ಎರಡನೇ ಸಲ ಕೂಗುವುದಿಲ್ಲ. ಎದ್ದು ಪರದೆ ಸರಿಸುತ್ತಾಳೆ. ಡೋಸು ಹೆಚ್ಚಾಗಿ ಉಸಿರು ನಿಂತವರ ಮೂಗಿಗೆ ಸಿಂಪಡಿಸುವ ಔಷಧಿ ಕೋಟಿನ ಜೇಬಿನಲ್ಲೇ. ಕೋಣೆ ತೆರೆದಾಗಿನಿಂದ ಇಲ್ಲಿ ಒಬ್ಬರೂ ಸತ್ತಿಲ್ಲ.

ಮೂರನೇ ಪರದೆಯ ಹಿಂದಿನಿಂದ ಬಂದ ‘ಇದ್ದೀನಿ’ ನನ್ನ ತಮ್ಮನದು.

ಅಲ್ಲಿ ಅವನಿಗೆ ನಾನು ‘ರಿಸರ್ಚ್ ಮೇಡಂ’. ನನಗೆ ಅವನು ಯಾರೂ ಅಲ್ಲ. ಹಾಗೆ ಒಪ್ಪಂದ. ನರ್ಸಮ್ಮನಿಗೂ ಗೊತ್ತಿಲ್ಲ. ಆಫೀಸಿನಲ್ಲಂತೂ ಯಾರಿಗೂ ಇಲ್ಲ.

ಇನ್ನು ಅಮ್ಮ. ಅವಳು ಹೇಳಿಕೊಳ್ಳುವ ಪ್ರಕಾರ ತಮ್ಮ ಹಡಗಿನಲ್ಲಿ ಕೆಲಸದಲ್ಲಿದ್ದಾನೆ. ಕೆಳಗಿನ ಮನೆಯಾಕೆಗೆ ಹಾಗೆ ಹೇಳಿ ವರ್ಷಗಳಾದವು. ಸುಳ್ಳು ತಾಳೆಯಾಗಬೇಕಲ್ಲ — ಟಿವಿಯಲ್ಲಿ ಸಮುದ್ರದ ಹವಾಮಾನ ತಪ್ಪದೆ ನೋಡುತ್ತಾಳೆ. “ಈಗ ಆ ಕಡೆ ಗಾಳಿ ಜಾಸ್ತಿ ಅಂತೆ, ಹಡಗು ಬಂದರಲ್ಲೇ ನಿಂತಿದೆ” ಅಂತ ಮೆಟ್ಟಿಲಲ್ಲಿ ನಿಂತು ವರದಿ ಒಪ್ಪಿಸುತ್ತಾಳೆ. ಅವನೋ, ನೀರು ಕಂಡರೆ ಮಾರು ದೂರ ಓಡುವವನು. ಈಜು ಕಲಿಸಲು ಅಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ.

ಫೆಬ್ರವರಿ 11, ಮಂಗಳವಾರ

ಮೈ ಉರಿಯುತ್ತಿದೆ. ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಪೇಪರಿನ ಮುಖಪುಟದಲ್ಲಿ ನಮ್ಮ ನಕ್ಷೆ. ತಲೆಬರಹ — ‘ಅಪಾಯದ ನಕ್ಷೆ’. ಭಯ ಎಂಬ ಪದ ಎಲ್ಲೂ ಇಲ್ಲ. ಕೆಳಗಿನ ದಪ್ಪಕ್ಷರ ಇಲ್ಲ. ಕೌನ್ಸಿಲ್‌ನ ಸುರಕ್ಷತಾ ಸಮಿತಿ 27ಕ್ಕೆ ಸಭೆ ಕರೆದಿದೆ. ವಿಷಯ, ನಿಗಾ ಕೋಣೆ ಮುಚ್ಚುವುದು. ಆಧಾರ, ‘ತಜ್ಞರ ಅಧ್ಯಯನ’. ತಜ್ಞರು ಅಂದರೆ ನಾನು!

ನೇರ ನಿರ್ದೇಶಕರ ಕೋಣೆಗೆ ನುಗ್ಗಿದೆ. ಅವರು ಗಿಡಕ್ಕೆ ನೀರು ಹಾಕುತ್ತಿದ್ದರು. ಪ್ಲಾಸ್ಟಿಕ್ ಗಿಡವೋ ಏನೋ, ಎಂದೂ ಬೆಳೆದದ್ದು ಕಂಡಿಲ್ಲ.

“ಹೆಡ್ಡಿಂಗ್ ಯಾರು ಬದಲಾಯಿಸಿದ್ದು?”

“ಕೌನ್ಸಿಲ್‌ನವರು ಸ್ವಲ್ಪ ಸರಳ ಮಾಡಿದ್ದಾರೆ. ಸದ್ಯಕ್ಕೆ ಸುಮ್ಮನಿರೋಣ. ಡೇಟಾ ಅಂತೂ ನಮ್ಮದೇ ತಾನೆ?”

ಡೇಟಾ ನಮ್ಮದೇ. ಯಾರ ಡೇಟಾ?

ಲೈಬ್ರರಿ ಹಾಲಿನ ಬಾಗಿಲಲ್ಲಿ ವಿಳಾಸದ ಪುರಾವೆ ತೋರಿಸಿದವರಿಗೆ ಮಾತ್ರ ಸ್ಟಿಕರ್. ನಮ್ಮ ಕಸುಬಿನ ಅಚ್ಚುಕಟ್ಟು ಅದು. ಒಬ್ಬರೇ ಎರಡು ಸಲ ಚುಕ್ಕೆ ಇಡಬಾರದೆಂದು ವಿಳಾಸ ಕೇಳಿದೆವು. ಒಂದು ಸಲವೂ ಇಡಲಾಗದವರು ಯಾರು ಎಂದು ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ. ಕೋಣೆಗೆ ಬರುವವರಲ್ಲಿ ಮನೆ ಇರುವವರೇ ಬೆರಳೆಣಿಕೆ. ಊರಿನ ಭಯವನ್ನೆಲ್ಲ ಅಳೆದುಬಿಟ್ಟೆವು — ಯಾರ ಪ್ರಾಣ ಹೋಗುತ್ತದೋ ಅವರದನ್ನು ಬಿಟ್ಟು.

“ನಕ್ಷೆ ಅರ್ಧ ಸರ್. ಇನ್ನರ್ಧ ಮಾಡಿಕೊಡ್ತೀನಿ. ಎರಡು ವಾರ ಇದೆ.”

“ಸದ್ಯಕ್ಕೆ ಬೇಡ.”

“ಬೇಡ ಅಂದ್ರೆ?”

“ಸದ್ಯಕ್ಕೆ ಬೇಡ ಅಂದ್ರೆ ಬೇಡ.”

ಹಲ್ಲು ಕಚ್ಚಿ ಹೊರಗೆ ಬಂದೆ. ಬಾಗಿಲು ಮಾತ್ರ ಮೆಲ್ಲಗೆ ಹಾಕಲಿಲ್ಲ.

ಫೆಬ್ರವರಿ 13, ಗುರುವಾರ

ಬೂಟಿನಂಗಡಿಗೆ ಹೋದೆ. ಜಗಳಕ್ಕೇ ಹೋದದ್ದು, ಸುಳ್ಳೇಕೆ ಹೇಳಲಿ. ಐದೂ ಒಂದೇ ಕಡೆ ಯಾಕೆ ಅಂಟಿಸಿದಿರಿ ಅಂತ ಕೇಳಿದೆ.

“ನಂಗೆ ಭಯ ಇರೋದು ಅದೊಂದೇ ಕಡೆ. ಉಳಿದ ಕಡೆ ಸುಮ್ಸುಮ್ನೆ ಯಾಕೆ ಅಂಟಿಸ್ಲಿ?” ಬೂಟಿನ ಹಿಮ್ಮಡಿ ಒತ್ತಿ ನೋಡುತ್ತಲೇ ಇದ್ದ. “ಆಂಬುಲೆನ್ಸ್ ಸದ್ದು ಕೇಳಿದ್ರೆ ಕೈಕಾಲು ತಣ್ಣಗಾಗುತ್ತೆ ಮೇಡಂ. ಒಂದಿನ ಶಟರ್ ಎತ್ತಿದೆ. ಮೆಟ್ಟಿಲ ಮೇಲೆ ಒಬ್ಬ. ಮಲಗಿದಾನೆ ಅಂದ್ಕೊಂಡು ಎಬ್ಬಿಸಕ್ಕೆ ಹೋದೆ.”

“ಯಾವಾಗ ಇದು?”

“ಆ ಕೋಣೆ ಬರೋದಕ್ಕೆ ಮುಂಚೆ.”

ಹೇಳಿದವನೇ ಬೂಟು ಕೆಳಗಿಟ್ಟ. ಆಮೇಲೆ ಗಿರಾಕಿ ಬಂತು ಅಂತ ಎದ್ದ. ಗಿರಾಕಿ ಯಾರೂ ಬಂದಿರಲಿಲ್ಲ.

ಅವನ ಭಯ ಸುಳ್ಳಲ್ಲ. ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ನಿರ್ದೇಶಕರ ಖಾತೆಗೆ.

ಸಂಜೆ ಸ್ಕೇಲು ನನ್ನ ಮೇಜಿನ ಮೇಲೆ ಒಂದು ಉದ್ದ ಸುರುಳಿ ಇಟ್ಟ. ಊರಿನ ಖಾಲಿ ನಕ್ಷೆ, ಮೊದಲಿನದರ ಅಳತೆಯದೇ.

“ನಾನು ಕೊಟ್ಟಿಲ್ಲ. ಪ್ರಿಂಟರ್ ತಾನೇ ಉಗುಳ್ತು.”

ನಾಳಿದ್ದು ರಜೆ. ನನ್ನ ರಜೆಯಲ್ಲಿ ನಾನು ಸ್ಟಿಕರ್ ಅಂಟಿಸುತ್ತೇನೋ ಪಲ್ಟಿ ಹೊಡೆಯುತ್ತೇನೋ, ಯಾರಪ್ಪನ ಗಂಟು ಹೋಗಬೇಕು!

ಫೆಬ್ರವರಿ 15, ಶನಿವಾರ. ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಕೋಣೆಯ ಗೋಡೆಗೆ ನಕ್ಷೆ ಹಚ್ಚಿದೆ. ಅದೇ ವಿಧಾನ — ಐದು ಕೆಂಪು, ಐದು ಹಸಿರು. ಹೆಸರು ಬೇಡ, ವಿಳಾಸ ಬೇಡ. ಎರಡು ಸಲ ಇಡಬಾರದೆಂದು ಒಂದೇ ಒಂದು ಉಪಾಯ: ಇಟ್ಟವರ ಹೆಬ್ಬೆರಳಿಗೆ ನರ್ಸಮ್ಮ ಪೆನ್ನಿನಿಂದ ಒಂದು ಗೆರೆ ಎಳೆದಳು. ಇಷ್ಟು ಸುಲಭವಾಗಿತ್ತು. ಇಪ್ಪತ್ತು ವರ್ಷ ಓದಿದ ತಲೆಗೆ ಹೊಳೆಯಲಿಲ್ಲ.

ಮೊದಲು ಯಾರೂ ಏಳಲಿಲ್ಲ. ಆಮೇಲೆ ಮಾಜಿ ಬಸ್ ಡ್ರೈವರ್ ಎದ್ದ. ಊರಿನ ನಕ್ಷೆ ಅವನಿಗೆ ಅಂಗೈ ಇದ್ದ ಹಾಗೆ. “ಇಲ್ಲಿ ಸ್ಟಾಪ್ ಇತ್ತು, ತೆಗೆದುಬಿಟ್ರು” ಅಂತ ನಾಲ್ಕು ಜನರಿಗೆ ಪ್ರವಾಸ ಮಾಡಿಸಿ, ಕೊನೆಗೆ ಒಂದು ಹಸಿರನ್ನು ನಿಗಾ ಕೋಣೆಯ ಮೇಲೆ ಒತ್ತಿದ. ಸುರುವಾಯಿತು. ಬಂದವರೆಲ್ಲ ಅಲ್ಲೇ. ಬೂಟಿನಂಗಡಿಯವನು ಕೆಂಪು ಗೋಪುರ ಕಟ್ಟಿದ ಜಾಗದಲ್ಲೇ ಹಸಿರು ಗೋಪುರ.

ಕೆಂಪು ಬಿದ್ದದ್ದು ಬೇರೆ ಕಡೆ. ಮಾರ್ಕೆಟ್ಟಿನ ಕಕ್ಕಸು. ಸುರಂಗದ ದಾರಿ. ಹಳೇ ಸಿನಿಮಾ ಥಿಯೇಟರಿನ ಹಿಂಬಾಗಿಲು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ, ಇಲ್ಲವೇ ಯಾರೂ ಹಾಯದ ಜಾಗ. ಯಾರ ಜೊತೆಯವರು ಎಲ್ಲಿ ಸತ್ತರೋ ಅಲ್ಲೆಲ್ಲ ಒಂದೊಂದು ಕೆಂಪು. ನಮ್ಮ ಹಳೆಯ ನಕ್ಷೆಯಲ್ಲಿ ಅವೆಲ್ಲ ಬೆಳ್ಳಗಿದ್ದವು.

ಕೊನೆಗೆ ತಮ್ಮ ಬಂದ. ನನ್ನತ್ತ ನೋಡಲಿಲ್ಲ. ನಕ್ಷೆಯ ಮೇಲೆ ಬೆರಳೂರಿ ಬೀದಿ ಬೀದಿ ದಾಟಿ, ನದಿಯಾಚೆ, ನೀರಿನ ಟ್ಯಾಂಕ್ ಪಕ್ಕದ ಓಣಿಗೆ ಹೋದ. ಒಂದು ಕೆಂಪು ಹಚ್ಚಿದ.

“ಅಲ್ಲೇನಪ್ಪಾ ಇದೆ? ಬರೀ ಮನೆಗಳು,” ಅಂದಳು ನರ್ಸಮ್ಮ.

“ನಮ್ಮನೆ.”

ನರ್ಸಮ್ಮ ಬಗ್ಗಿ ಆ ಚುಕ್ಕೆ ನೋಡಿದಳು.

“ಮನೆಗೆ ಕೆಂಪಾ?”

“ಬಚ್ಚಲಿಗೆ ಒಳಗಿಂದ ಚಿಲಕ ಇದೆ. ಹೋದ ವರ್ಷ ಯಾರಿಗೂ ಕಾಣದ ಹಾಗೆ ಮನೆಗೆ ಬಂದಿದ್ದಾಗ ಅಲ್ಲೇ ಬಿದ್ದಿದ್ದೆ. ನಲ್ಲಿ ಬಿಟ್ಟಿದ್ದೆ. ಅಮ್ಮ ಸ್ನಾನ ಮಾಡ್ತಿದಾನೆ ಅಂದ್ಕೊಂಡ್ಳು. ಕೆಳಗಿನ ಮನೆ ಸೂರು ಸೋರಿ ಆಕೆ ಜಗಳಕ್ಕೆ ಬಂದ್ಳಲ್ಲ, ಅದಕ್ಕೇ ಉಳ್ಕೊಂಡೆ.” ಈಗ ನನ್ನ ಕಡೆ ತಿರುಗಿದ. “ಅಲ್ವಾ ಅಕ್ಕಾ?”

ಕೋಣೆಯೆಲ್ಲ ನನ್ನನ್ನೇ ನೋಡಿತು. ಒಪ್ಪಂದ ಮುರಿದುಬಿದ್ದಿತ್ತು.

“ಹೌದು ಕಣೋ,” ಅಂದೆ.

ನರ್ಸಮ್ಮ ಪೆನ್ನು ತೆಗೆದಳು. ನನ್ನ ಹೆಬ್ಬೆರಳು ಎಳೆದುಕೊಂಡು ಒಂದು ಗೆರೆ ಹಾಕಿ, ಸ್ಟಿಕರ್ ಹಾಳೆ ಕೈಗಿಟ್ಟಳು. “ನಿಂದೂ ಹಚ್ಚು.”

ಇಷ್ಟು ವರ್ಷ ಇನ್ನೊಬ್ಬರ ಚುಕ್ಕೆ ಎಣಿಸಿದವಳು. ನನ್ನದು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಹಸಿರನ್ನು ಎಲ್ಲರೂ ಇಟ್ಟಲ್ಲೇ ಇಟ್ಟೆ.

ಫೆಬ್ರವರಿ 16, ಭಾನುವಾರ

ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತೇನೋ. ಹೇಳಿದೆ.

“ನನ್ನ ಮನೆಗೆ ಕೆಂಪು ಹಚ್ಚಿದ್ನಾ? ನನ್ನ ಮನೆಗೆ?”

“ಮನೆಗಲ್ಲಮ್ಮಾ. ಆ ಚಿಲಕಕ್ಕೆ.”

“ಆ ಗೋಡೌನಿಗೆ ಹಸಿರು, ಹೆತ್ತ ತಾಯಿ ಮನೆಗೆ ಕೆಂಪು. ಇದನ್ನ ಎಣಿಸೋದಕ್ಕೆ ನಿನ್ನ ಅಷ್ಟೊಂದು ಓದಿಸಿದ್ದಾ ನಾನು?”

“ಅಲ್ಲಿ ಯಾರೋ ಕೂಗ್ತಾರೆ ಅಮ್ಮಾ. ಇಲ್ಲಿ ನಾವು ಕೂಗಲ್ಲ. ಕೂಗಿದ್ರೆ ಕೆಳಗಿನ ಮನೆಗೆ ಕೇಳುತ್ತೆ ಅಂತ.”

ಟಿವಿ ಜೋರು ಮಾಡಿದಳು. ಸಮುದ್ರದ ಹವಾಮಾನ. ಅಲೆಗಳು ಶಾಂತವಂತೆ.

ಹೊರಡುವಾಗ ಬಾಗಿಲವರೆಗೂ ಬರಲಿಲ್ಲ.

ಫೆಬ್ರವರಿ 20, ಗುರುವಾರ. ಆಫೀಸಿನೆದುರಿನ ಬೆಂಚು

ನಿರ್ದೇಶಕರ ಕಿವಿಗೆ ಬಿದ್ದಿದೆ. ಎರಡನೇ ನಕ್ಷೆಯನ್ನು ಸಂಸ್ಥೆಯ ಹೆಸರಿನಲ್ಲಿ ತೋರಿಸುವಂತಿಲ್ಲ. ಅದು ‘ಅನಧಿಕೃತ’.

“ಅಷ್ಟೇ ಅಲ್ಲ ಮೇಡಂ. ಆ ಕೋಣೆಯಲ್ಲಿ ನಿಮ್ಮವರೊಬ್ಬರು ಇದ್ದಾರೆ ಅಂತ... ಸುದ್ದಿ.”

ನಾಲಿಗೆ ತುದಿಗೆ ‘ಇಲ್ಲ’ ಬಂದಿತ್ತು. ಇಪ್ಪತ್ತು ವರ್ಷದ ಅಭ್ಯಾಸ.

“ನನ್ನ ತಮ್ಮ ಸರ್. ಒಡಹುಟ್ಟಿದವನು.”

“ನೋಡಿ, ಹಾಗಾದ್ರೆ ನಿಮ್ಮ ಅಧ್ಯಯನ ನಿಷ್ಪಕ್ಷಪಾತ ಹೇಗಾಗುತ್ತೆ?”

“ಬೂಟಿನಂಗಡಿಯವನಿಗೆ ಅಲ್ಲೇ ಅಂಗಡಿ ಇದೆ. ಅವನ ಚುಕ್ಕೆ ಎಣಿಸಿದಿರಿ.”

ಗಿಡದ ಎಲೆ ಒರೆಸಿದರು. ಮುಂದಿನ ವರ್ಷ ವಿಭಾಗದ ಮುಖ್ಯಸ್ಥೆಯ ಜಾಗ ಖಾಲಿಯಾಗುತ್ತದೆ, ನಿಮ್ಮ ಹೆಸರೇ ಇದೆ, ಒಂದು ತಿಂಗಳು ರಜೆ ಹಾಕಿ ಎಲ್ಲಾದರೂ ಸುತ್ತಾಡಿ ಬನ್ನಿ, ಅಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ — ಹೀಗೆ ಬೆಣ್ಣೆ ಹಚ್ಚಿದರು. ನಿಜ ಹೇಳಬೇಕೆಂದರೆ ಆ ಜಾಗದ ಮೇಲೆ ನನಗೆ ಆಸೆ ಇತ್ತು. ಮೂಲೆಯ ಆ ಕೋಣೆ, ಎರಡು ಕಿಟಕಿ. ಈಗಲೂ ಇದೆ ಆಸೆ. ಬರೆದಿಡುತ್ತೇನೆ, ನಾಳೆ ನಾನೇ ಸುಳ್ಳು ಹೇಳಿಕೊಳ್ಳಬಾರದು.

ಐಡಿ ಕಾರ್ಡ್ ಬಿಚ್ಚಿ ಮೇಜಿನ ಮೇಲಿಟ್ಟೆ. “27ರ ಸಭೆಗೆ ಸಂಸ್ಥೆಯವಳಾಗಿ ಬರಲ್ಲ ಸರ್. ಊರವಳಾಗಿ ಬರ್ತೀನಿ. ನನಗೆ ವಿಳಾಸ ಇದೆ.”

ಸಮಿತಿಯ ನಿಯಮ — ವಿಳಾಸ ಇರುವ ನಿವಾಸಿ ಹೆಸರು ಕೊಟ್ಟರೆ ಮೂರು ನಿಮಿಷ ಮಾತಾಡಬಹುದು. ಇಲ್ಲದವರು ಕೂತು ಕೇಳಬಹುದು, ಬಾಯಿ ಬಿಡುವಂತಿಲ್ಲ. ಹೆಸರು ಕೊಟ್ಟು ಬಂದೆ.

ಕುತ್ತಿಗೆ ಹಗುರ.

ಫೆಬ್ರವರಿ 25, ಮಂಗಳವಾರ. ಬೆಳಿಗ್ಗೆ

ಅಮ್ಮನ ಮನೆಗೆ ಹೋದೆ. ಬಡಗಿ ಆಗಷ್ಟೇ ಹೋಗಿದ್ದ. ನೆಲದ ಮೇಲೆ ಮರದ ಪುಡಿ. ಬಚ್ಚಲ ಬಾಗಿಲಿನಲ್ಲಿ ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತು.

“ಏನಮ್ಮಾ ಇದು?”

“ತುಕ್ಕು ಹಿಡಿದಿತ್ತು.”

ಅದು ಹಿತ್ತಾಳೆಯದು. ಅಪ್ಪ ಹಾಕಿಸಿದ್ದು, ತಿಂಗಳಿಗೊಮ್ಮೆ ಅಮ್ಮನೇ ಉಜ್ಜಿ ಹೊಳೆಸುತ್ತಿದ್ದಳು.

“ಹಿತ್ತಾಳೆಗೆ ತುಕ್ಕಾ?”

“ನಿನ್ನ ಸಂಶೋಧನೆಯೆಲ್ಲ ಆಫೀಸಲ್ಲಿಟ್ಕೋ. ಪೊರಕೆ ತಗೊಂಡು ಗುಡಿಸು.”

ಗುಡಿಸಿದೆ. ಗುಡಿಸುತ್ತಾ ಅತ್ತೆ. ಅವಳು ನೋಡಲಿಲ್ಲ ಅಂದುಕೊಂಡಿದ್ದೇನೆ.

ಫೆಬ್ರವರಿ 27, ಗುರುವಾರ. ಸಂಜೆ

ಎಲ್ಲಿಂದ ಶುರುಮಾಡಲಿ...

ಹಾಲು ತುಂಬಿತ್ತು. ಮುಂದೆ ಸಮಿತಿಯ ಏಳು ಜನ, ಮಧ್ಯೆ ಅಧ್ಯಕ್ಷರು, ಕೈಯಲ್ಲಿ ಗಂಟೆ. ಎಡಗಡೆ ನಿರ್ದೇಶಕರು, ಪಕ್ಕದಲ್ಲಿ ತಲೆ ತಗ್ಗಿಸಿ ಸ್ಕೇಲು. ಹಿಂದಿನ ಗೋಡೆಗಂಟಿಕೊಂಡು ಕೋಣೆಯವರು, ಡ್ರೈವರ್, ಪರಿಚಯದ ಹನ್ನೆರಡು ಹದಿನೈದು ಮುಖ. ತಮ್ಮ ಮೂಲೆಯಲ್ಲಿ, ಟೋಪಿ ಕಣ್ಣವರೆಗೆ. ಬಾಗಿಲ ಹತ್ತಿರ ನರ್ಸಮ್ಮ.

ನನ್ನ ಸರದಿ. ನಕ್ಷೆ ಬಿಚ್ಚಿದೆ. ಒಬ್ಬಳಿಗೆ ಹಿಡಿಯಲು ಬರುವಂಥದ್ದಲ್ಲ. ಒಂದು ತುದಿ ಹಿಡಿದರೆ ಇನ್ನೊಂದು ತುದಿ ಸುರುಳಿ ಸುತ್ತಿಕೊಂಡು ನನ್ನ ಮುಖಕ್ಕೇ ಬಂತು. ಯಾರೋ ನಕ್ಕರು. ಅಷ್ಟರಲ್ಲಿ ಸ್ಕೇಲು ಎದ್ದ. ನಿರ್ದೇಶಕರು ಅವನ ಅಂಗಿ ಜಗ್ಗಿದ್ದನ್ನು ಕಣ್ಣಾರೆ ಕಂಡೆ. ಬಿಡಿಸಿಕೊಂಡು ಬಂದು ಇನ್ನೊಂದು ತುದಿ ಹಿಡಿದ.

ಹೇಳಿದೆ. ನೀವು ನೋಡಿದ್ದು ಭಯದ ನಕ್ಷೆ, ಅದೂ ಅರ್ಧ. ವಿಳಾಸ ಇದ್ದವರನ್ನು ಮಾತ್ರ ಕೇಳಿದೆವು, ಅದು ನಮ್ಮ ತಪ್ಪು. ಇದು ಇನ್ನರ್ಧ. ಈ ಕೆಂಪಿರುವಲ್ಲೆಲ್ಲ ಜನ ಸತ್ತಿದ್ದಾರೆ, ಇಲ್ಲವೇ ಸಾವಿನ ಬಾಯಿಗೆ ಹೋಗಿ ಬಂದಿದ್ದಾರೆ. ಈ ಹಸಿರಿರುವಲ್ಲಿ ಒಬ್ಬರೂ ಸತ್ತಿಲ್ಲ. ನೀವು ಮುಚ್ಚಲು ಹೊರಟಿರುವುದು ಹಸಿರನ್ನು.

“ಈ ಚುಕ್ಕೆ ಇಟ್ಟವರು ಯಾರಮ್ಮಾ?” ಅಂದರು ಅಧ್ಯಕ್ಷರು. “ಹೆಸರಿಲ್ಲ, ವಿಳಾಸ ಇಲ್ಲ. ಇದ್ದಾರೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು?”

“ಇಲ್ಲೇ ಇದ್ದಾರೆ ಸರ್.”

“ಅವರು ಮಾತಾಡೋ ಹಾಗಿಲ್ಲ. ನಿಯಮ.”

ಏನು ತೋಚಿತೋ, ಹಿಂದೆ ತಿರುಗಿ ಕೂಗಿದೆ — “ಇದ್ದೀರಾ?”

ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲ ನೆಲ ನೋಡಿದರು. ಯಾಕೆ ಉತ್ತರಿಸಬೇಕು? ನಾನು ಯಾರು ಅವರಿಗೆ, ತಿಂಗಳಿಗೊಮ್ಮೆ ಪೆನ್ನು ಹಿಡಿದು ಬರುವವಳು. ಅಧ್ಯಕ್ಷರು ಗಂಟೆಗೆ ಕೈ ಹಾಕಿದರು.

ಆಗ ಬಾಗಿಲ ಕಡೆಯಿಂದ ಕಂಡಕ್ಟರನ ಗಂಟಲು — “ಇದ್ದೀರಾ?”

“ಇದ್ದೀನಿ.” ಡ್ರೈವರ್.

“ಇದ್ದೀನಿ.”

“ಇದ್ದೀನಿ.”

ಗೋಡೆಯುದ್ದಕ್ಕೂ ಒಬ್ಬೊಬ್ಬರಾಗಿ. ಜೋರಾಗಿಯೇನಲ್ಲ. ದಿನಾ ಪರದೆ ಹಿಂದಿನಿಂದ ಹೇಳುವ ಹಾಗೆ. ಅಧ್ಯಕ್ಷರು ಗಂಟೆ ಬಾರಿಸಿದರು. “ಮಾತಾಡಬಾರದು ಅಂದೆನಲ್ಲ!”

“ಮಾತಾಡ್ತಿಲ್ಲ ಸ್ವಾಮಿ, ಹಾಜರಿ ಹೇಳ್ತಿದಾರೆ,” ಅಂದಳು ನರ್ಸಮ್ಮ.

ಮೂಲೆಯಲ್ಲಿ ತಮ್ಮ ಮಾತ್ರ ಹೇಳಲಿಲ್ಲ. ಟೋಪಿ ಇನ್ನೂ ಕೆಳಗೆಳೆದ. ಯಾಕೆಂದು ತಿಳಿಯದೆ ಅವನ ಕಣ್ಣು ಹೋದ ಕಡೆ ನೋಡಿದೆ. ಮೂರನೇ ಸಾಲಿನಲ್ಲಿ ಅಮ್ಮ! ಪಕ್ಕದಲ್ಲಿ ಕೆಳಗಿನ ಮನೆಯಾಕೆ. ಬರುತ್ತೇನೆಂದು ನನಗೆ ಒಂದು ಮಾತು ಹೇಳಿರಲಿಲ್ಲ.

ಅಮ್ಮ ಎದ್ದಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಹಿಂದೆ ತಿರುಗಿ, ಇಡೀ ಹಾಲಿಗೆ ಕೇಳುವ ಹಾಗೆ —

“ಇದ್ದೀಯೇನೋ ಪುಟ್ಟಾ?”

ನಲವತ್ತರ ಗಂಡಸು. ಟೋಪಿ ತೆಗೆದ.

“ಇದ್ದೀನಮ್ಮಾ.”

ಕೆಳಗಿನ ಮನೆಯಾಕೆ ಅಮ್ಮನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. “ಅಯ್ಯೋ, ಹಡಗು ಬಂತಾ?” ಅಂದಳು.

“ಹಡಗೂ ಇಲ್ಲ, ಗಿಡಗೂ ಇಲ್ಲ,” ಅಂದಳು ಅಮ್ಮ. “ಇದೇ ಊರಲ್ಲೇ ಇದ್ದ.”

ಕೂತಳು. ಕೆಳಗಿನ ಮನೆಯಾಕೆ ಅವಳ ಕೈಮೇಲೆ ಕೈಯಿಟ್ಟಳು. ನನ್ನ ಮೂರು ನಿಮಿಷ ಎಂದೋ ಮುಗಿದಿತ್ತು. ಯಾರೂ ಗಂಟೆ ಬಾರಿಸಲಿಲ್ಲ.

ಮಾರ್ಚ್ 8, ಶನಿವಾರ

ಸೋತೆವು. ನಾಲ್ಕು-ಮೂರು. ‘ಹೊಸ ಅಧ್ಯಯನ ಆಗುವವರೆಗೆ ತಾತ್ಕಾಲಿಕವಾಗಿ’ ಬೀಗ. ಒಂದೇ ಒಂದು ಕೈ ನಮ್ಮ ಕಡೆ ಎದ್ದಿದ್ದರೆ... ಈ ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟಿದೆ, ಇನ್ನು ಹಾಕುವುದಿಲ್ಲ.

ಸಂಸ್ಥೆಯಿಂದ ಅಮಾನತು. ಸ್ಕೇಲಿಗೆ ಬರೀ ಎಚ್ಚರಿಕೆ. ಅದರ ಪ್ರತಿಯನ್ನು ನನಗೇ ತಂದು ತೋರಿಸಿದ, ಬಹುಮಾನ ಬಂದವನ ಹಾಗೆ.

ಬೀಗ ಹಾಕಿದ ಮರುದಿನವೇ ನರ್ಸಮ್ಮ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಆ ಬಾಗಿಲ ಮುಂದೆಯೇ ಕೂತಳು. “ಬೀಗ ಕೋಣೆಗೆ ತಾನೆ? ನನ್ನ ಗಂಟಲಿಗಲ್ಲವಲ್ಲ.” ಈಗ ಅವಳೊಂದಿಗೆ ನಾನೂ ಸುತ್ತುತ್ತೇನೆ. ನಕ್ಷೆಯ ಕೆಂಪು ಚುಕ್ಕೆ ಹಿಡಿದೇ ಹೋಗುತ್ತೇವೆ. ಮಾರ್ಕೆಟ್ಟಿನ ಕಕ್ಕಸಿನ ಹೊರಗೆ, ಸುರಂಗದ ಬಾಯಲ್ಲಿ ನಿಂತು ಕೂಗುತ್ತೇವೆ. ಇಷ್ಟು ನೆಟ್ಟಗೆ ಉಪಯೋಗಕ್ಕೆ ಬಂದ ರಿಪೋರ್ಟು ನನ್ನ ಜೀವಮಾನದಲ್ಲಿ ಇದೊಂದೇ. ಮೊನ್ನೆ ಥಿಯೇಟರಿನ ಹಿಂದೆ ಉತ್ತರ ಬರಲಿಲ್ಲ. ನರ್ಸಮ್ಮ ಓಡಿದಳು. ಡ್ರೈವರ್ ಬಿದ್ದಿದ್ದ. ಉಳಿದ. ಎದ್ದವನೇ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದ. ಕೇಳಿ ಎಷ್ಟು ಸಂತೋಷವಾಯಿತೆಂದರೆ!

ಬೂಟಿನಂಗಡಿಯವನು ಅಂಗಡಿ ಮುಂದೆ ನಿಲ್ಲಬೇಡಿ ಅಂತ ಗದರಿದ. ಆಮೇಲೆ ತಾನೇ ಒಂದು ಕುರ್ಚಿ ತಂದು ನರ್ಸಮ್ಮನಿಗೆ ಹಾಕಿದ. ಮತ್ತೆ ಗದರಿದ.

ಹೊಸ ಅಧ್ಯಯನ ಬೇಕಂತೆ ಅವರಿಗೆ. ಆಗಲಿ. ಮಾಡೇ ಮಾಡುತ್ತೇನೆ. ಊರಿನ ಒಬ್ಬರನ್ನೂ ಬಿಡದೆ ಕೇಳುತ್ತೇನೆ. ಹೆಬ್ಬೆರಳಿಗೆ ಗೆರೆ ಎಳೆಯಲು ಪೆನ್ನು ಇದೆ. ಭಾನುವಾರಗಳಂದು ಸ್ಕೇಲು ಬರುತ್ತಾನಂತೆ. ವರದಿ ಕಳಿಸುವುದಕ್ಕೆ ಸಂಸ್ಥೆಯ ಲೆಟರ್‌ಹೆಡ್ ಬೇಡ.

ಮಾರ್ಚ್ 15, ಶನಿವಾರ. ಅಮ್ಮನ ಮನೆ, ಬೆಳಿಗ್ಗೆ

ತಮ್ಮ ಹತ್ತು ದಿನದಿಂದ ಇಲ್ಲೇ. ವೈದ್ಯರ ಬಳಿ ಎರಡು ಸಲ ಹೋಗಿ ಬಂದ. ಮೂರನೇ ಸಲ ತಪ್ಪಿಸಿದ. ಬಿಟ್ಟಿದ್ದಾನೆ ಅಂತ ನಾನು ಬರೆಯುವುದಿಲ್ಲ. ಇದ್ದಾನೆ ಅಂತ ಬರೆಯುತ್ತೇನೆ.

ಈಗ ಬಚ್ಚಲಲ್ಲಿದ್ದಾನೆ. ಬಾಗಿಲು ಮುಚ್ಚಿದೆ. ಎದುರಿಗೆ ಅಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಮಡಿಲಲ್ಲಿ ಕನ್ನಡಕದ ಡಬ್ಬಿ. ಅದರೊಳಗೆ ಕನ್ನಡಕವಿಲ್ಲ, ಮೂಗಿಗೆ ಸಿಂಪಡಿಸುವ ಆ ಔಷಧಿ. ನರ್ಸಮ್ಮ ಬಂದು ಕಲಿಸಿ ಹೋಗಿದ್ದಾಳೆ. ಕಲಿಸಲು ಬಂದವಳಿಗೇ ಅಮ್ಮ ನಾಲ್ಕು ತಪ್ಪು ತೋರಿಸಿದಳು.

“ಇದ್ದೀಯೇನೋ?”

“ಇದ್ದೀನಮ್ಮಾ. ಬಾಯ್ತುಂಬ ನೊರೆ. ಹಲ್ಲಾದ್ರೂ ಉಜ್ಜೋಕೆ ಬಿಡು.”

“ಮೆಲ್ಲಗೆ ಕೂಗಮ್ಮಾ, ಕೆಳಗಿನ ಮನೆಗೆ ಕೇಳುತ್ತೆ,” ಅಂದೆ. ಬಾಯಿ ತಪ್ಪಿ ಬಂತು, ಹಳೇ ಚಾಳಿ.

“ಕೇಳ್ಲಿ.”

ಕೇಳಿಯೂ ಕೇಳಿತು. ಕೆಳಗಿನ ಮನೆಯಾಕೆ ಕಿಟಕಿಯಲ್ಲಿ ತಲೆ ಹೊರಗೆ ಹಾಕಿ — “ಇದ್ದಾನಾ?”

“ಇದ್ದಾನೆ!” ಅಂದಳು ಅಮ್ಮ, ಓಣಿಗೆಲ್ಲ ಕೇಳುವ ಹಾಗೆ.

ನಿರ್ದೇಶಕರ ಮೆಸೇಜು ಬಂದಿದೆ. ಮೂರು ಸಾಲಿನ ಕ್ಷಮಾಪಣೆ ಕಳಿಸಿ, ಎರಡನೇ ನಕ್ಷೆ ವೈಯಕ್ತಿಕ ಅಂತ ಒಪ್ಪಿಕೊಳ್ಳಿ, ಸೋಮವಾರದಿಂದ ಬನ್ನಿ, ಮೂಲೆಯ ಕೋಣೆ ಸದ್ಯಕ್ಕೆ ಖಾಲಿಯೇ ಇದೆ. ಎರಡು ಕಿಟಕಿ. ಗಾಳಿ ಚೆನ್ನಾಗಿ ಬರುತ್ತದೆ.

ಕಳಿಸುವುದಿಲ್ಲ. ಯಾಕೆ ಕಳಿಸುವುದಿಲ್ಲ ಅಂತ ಇಲ್ಲಿ ಬರೆದಿಡುತ್ತೇನೆ. ಮೊದಲನೆಯದು —

ಅಮ್ಮ ಕೂಗಿದಳು.

ನಲ್ಲಿ ಸುರಿಯುತ್ತಿದೆ. ಉತ್ತರವಿಲ್ಲ. ಎರಡನೇ ಸಲ ಕೂಗಲಿಲ್ಲ ಅವಳು. ಎದ್ದಳು. ಡಬ್ಬಿ ತೆರೆದೇ ಇದೆ. ಚಿಲಕ ಇಲ್ಲ, ತಳ್ಳಿದರೆ ಸಾಕು, ಬಾಗಿಲು ತೆರೆಯುತ್ತದೆ. ಪೆನ್ನು ಇಟ್ಟು ನಾನೂ —